ತೆಂಗಿನ ಸೀಮೆಯ ಮನೆಗಳು

ಯಾತ್ರೆಯೆಂದರೆ ಪುಣ್ಯಕ್ಷೇತ್ರಗಳಿಗೆ ಹೋಗಿಬರುವುದು, ಇಲ್ಲವಾದರೆ ಬೆಟ್ಟ, ಹೊಳೆ, ಜಲಪಾತಗಳನ್ನು ನೋಡಿ ನಲಿಯುವುದು ಎಂದೇ ನಮ್ಮಲ್ಲಿ ಬಹುಮಂದಿಯ ಭಾವನೆ. ಜನರು ವಾಸಮಾಡುವ ಸಾಮಾನ್ಯವಾದ ಮನೆಗಳನ್ನು ನೋಡುವುದಕ್ಕಾಗಿ ಒಂದು ಸೀಮೆಯನ್ನು ಸುತ್ತಿದೆವೆಂದು ಹೇಳಿದರೆ ಕೇಳಿದವರು ನಗುವುದೂ ಉಂಟು. ಆದರೂ ಒಂದು ನಾಡಿನ ಮಳೆ ಎಷ್ಟು, ಬಿಸಿಲು ಎಂತಹುದು, ನೆಲದ ಸ್ವಭಾವವೇನು, ಅಲ್ಲಿನ ಒಕ್ಕಲುಮಕ್ಕಳು ಏನನ್ನು ಬೆಳೆದು ಎಲ್ಲಿ ಕೂಡಿಡುವರು ಎಂಬುದನ್ನೆಲ್ಲ ಅಲ್ಲಿನ ಮನೆಗಳು ಪುಸ್ತಕಕ್ಕಿಂತ ಚೆನ್ನಾಗಿ ಹೇಳುವುವು. ಕಳೆದ ಮಾಘಮಾಸದಲ್ಲಿ ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ನಾವು ಹತ್ತು ದಿನ ಸಂಚರಿಸಿ ಕಂಡುದನ್ನೂ, ಕಂಡುದರಿಂದ ನಮ್ಮ ಮನಸ್ಸಿನಲ್ಲಿ ಎದ್ದ ವಿಚಾರವನ್ನೂ ವಾಚಕರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆದಿದ್ದೇವೆ. ಮನೆ ಕಟ್ಟಿಸಬೇಕೆಂದಿರುವವರಿಗೂ, ಕಟ್ಟಿಸಿ ಅದರಲ್ಲಿ ವಾಸವಾಗಿರುವವರಿಗೂ ಇದರಲ್ಲಿ ಸ್ವಲ್ಪ ಪ್ರಯೋಜನ ಕಂಡುಬಂದೀತು.

ತುಮಕೂರಿನಿಂದ ರೈಲುಬಂಡಿಯಲ್ಲಿ ಪಶ್ಚಿಮಾಭಿಮುಖವಾಗಿ ಹೊರಟು ಗುಬ್ಬಿ, ಅಮ್ಮಸಂದ್ರ, ಬಾಣಸಂದ್ರಗಳನ್ನು ದಾಟುವಷ್ಟರಲ್ಲಿ ಹೊರಗಿನ ನೋಟವೇ ಬದಲಾಗುವುದು. ರಾಗಿಯ ಹೊಲಗಳು ಕಡಮೆಯಾಗುತ್ತ, ಕೆರೆಯ ಕೆಳಗೂ ಹಳ್ಳದ ಅಂಚಿನಲ್ಲಿಯೂ ತೆಂಗಿನ ತೋಟಗಳು ಒಂದಕ್ಕೊಂದು ಕೈಹಿಡಿದಂತೆ ನಿಲ್ಲುವುವು. ಸಮುದ್ರ ಇಲ್ಲಿಗೆ ಬಹುದೂರ. ನೆಲವು ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರ್ ಎತ್ತರದಲ್ಲಿರುವುದು. ವರ್ಷದ ಮಳೆ 600ರಿಂದ 700 ಮಿಲಿಮೀಟರಿನ ಆಸುಪಾಸು. ಅದರಲ್ಲಿಯೂ ಹೆಚ್ಚಿನ ಪಾಲು ಭಾದ್ರಪದ ಆಶ್ವಯುಜಗಳಲ್ಲಿ ಬೀಳುವುದು. ಕರಾವಳಿಯ ತೆಂಗನ್ನು ಕಂಡವರು ಈ ಒಣಸೀಮೆಯಲ್ಲಿ ಅದೇ ಮರ ಇಷ್ಟು ಸಮೃದ್ಧವಾಗಿ ಬೆಳೆದುದನ್ನು ನೋಡಿ ಆಶ್ಚರ್ಯಪಡುವರು. ಇಲ್ಲಿನ ಕಾಯಿ ಗಾಣಕ್ಕೆ ಹೋಗುವುದು ಕಡಮೆ. ಅದು ಗಿಟುಕಾಗಿ, ಎಂದರೆ ಒಡೆಯದ ಉಂಡೆ ಕೊಬ್ಬರಿಯಾಗಿ, ತಿಪಟೂರಿನ ಮಾರುಕಟ್ಟೆಯಿಂದ ಉತ್ತರದೇಶದ ಮದುವೆ ಹಬ್ಬಗಳಿಗೆ ಸಾಗುವುದು.

ಈ ಗಿಟುಕನ್ನು ಮಾಡುವ ಕ್ರಮವೇ ಇಲ್ಲಿನ ಮನೆಗಳ ರೂಪವನ್ನು ನಿಶ್ಚಯಿಸಿದೆ. ಚೆನ್ನಾಗಿ ಬಲಿತ ಕಾಯನ್ನು ಸಿಪ್ಪೆಸಹಿತವಾಗಿಯೇ ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವೆಡೆ ಒಂದು ವರ್ಷದವರೆಗೂ ಇಡುವರು. ಒಳಗಿನ ನೀರು ಮೆಲ್ಲಗೆ ಆರುವುದು. ಕೊಬ್ಬರಿ ಚಿಪ್ಪನ್ನು ಬಿಡುವುದು. ಕಾಯನ್ನು ಕಿವಿಯ ಬಳಿ ಅಲುಗಿಸಿದರೆ ಗಿಟುಕು ಒಳಗೆ ಉರುಳುವ ಸದ್ದು ಕೇಳುವುದು. ಅಟ್ಟಕ್ಕೆ ಗಾಳಿ ಬೇಕು, ಬೆಚ್ಚಗಿರಬೇಕು, ಮಳೆಯ ಹನಿ ಸೋಕಬಾರದು. ಆದುದರಿಂದ ಹಿಂದಿನವರು ನಡುಮನೆ, ಅಡಿಗೆಮನೆಗಳ ಮೇಲೆಯೇ ಬಿದಿರು ಅಥವಾ ತೆಂಗಿನ ಸೀಳುಗಳನ್ನು ಸಂದುಬಿಟ್ಟು ಹಾಸಿ ಅಟ್ಟವನ್ನು ಮಾಡಿದರು. ಒಲೆಯ ಹೊಗೆಯೂ ಕಾವೂ ಆ ಸಂದುಗಳಲ್ಲಿ ಏರಿ ಕಾಯನ್ನು ಒಣಗಿಸುತ್ತಿದ್ದುವು. ಮನೆಯವರು ಕೆಳಗೆ, ವರ್ಷದ ಸಂಪಾದನೆ ಮೇಲೆ. ಅಟ್ಟ ತುಂಬಿದ್ದರೆ ಮಗಳ ಮದುವೆಗೆ ಧೈರ್ಯ. ಅಟ್ಟ ಬರಿದಾಗಿದ್ದರೆ ಸಾಲದ ಚಿಂತೆ.

ತಿಪಟೂರಿನಲ್ಲಿ ನಾವು ಇಳಿದುಕೊಂಡುದು ನಮ್ಮ ಹಳೆಯ ಶಿಷ್ಯರೊಬ್ಬರ ಮನೆಯಲ್ಲಿ. ಅವರು ತಾತನ ಕಾಲದ ತೊಟ್ಟಿಮನೆಯನ್ನು ಕೆಡವಿ ಹೊಸ ಮನೆಯನ್ನು ಕಟ್ಟಿಸುವ ಸನ್ನಾಹದಲ್ಲಿದ್ದರು. ಆಯ, ದಿಕ್ಕು, ಬಾಗಿಲುಗಳ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಕೇಳಬೇಕೆಂಬುದು ಅವರ ಆಸೆ. ನಕ್ಷೆಯನ್ನು ಹರಡಿ, “ಮೇಷ್ಟ್ರೇ, ಕೆಳಗೆ ರಸ್ತೆಯ ಕಡೆಗೆ ನಾಲ್ಕು ಅಂಗಡಿ, ಅದರ ಮೇಲೆ ಎರಡು ಮಹಡಿ ನಮಗೆ ಇರೋದಕ್ಕೆ, ಎಲ್ಲಕ್ಕಿಂತ ಮೇಲೆ ತಗಡು ಹೊದಿಸಿ ಕಾಯಿಗೆ ಅಟ್ಟ. ಬಿಸಿಲು ಚೆನ್ನಾಗಿ ಬೀಳುತ್ತೆ, ಕಾಯಿ ಬೇಗ ಒಣಗುತ್ತೆ” ಎಂದು ಉತ್ಸಾಹದಿಂದ ವಿವರಿಸಿದರು. ಅವರ ತಮ್ಮನ ಮಗನು ಇಂಜಿನಿಯರಿಂಗ್ ವಿದ್ಯೆಯನ್ನು ಕಲಿತವನು. ಅವನು ಬಾಗಿಲ ಬಳಿ ನಿಂತು, “ದೊಡ್ಡಪ್ಪ, ಕಾಯಿ ಎಷ್ಟು ಇಡ್ತೀರಿ?” ಎಂದು ಕೇಳಿದನು. “ಐದು ಸಾವಿರವಂತೂ ಇರುತ್ತೆ” ಎಂದು ಉತ್ತರ ಬಂದಿತು. ಹುಡುಗನು ಮತ್ತೇನನ್ನೂ ಹೇಳದೆ ಒಂದು ಕಾಯನ್ನು ತಂದು ತಕ್ಕಡಿಯಲ್ಲಿಟ್ಟನು. ಹಸಿಯಾಗಿರುವಾಗ ಸಿಪ್ಪೆಸಹಿತ ಕಾಯಿ ಸುಮಾರು 1 ಕಿಲೋಗ್ರಾಂ ತೂಗುವುದು. ಐದು ಸಾವಿರ ಕಾಯಿ ಎಂದರೆ ಹತ್ತಿರ ಹತ್ತಿರ 5 ಟನ್ ಭಾರ. ಅದು ಮೂರು ಅಂತಸ್ತುಗಳ ನೆತ್ತಿಯ ಮೇಲೆ!

ಈ ಲೆಕ್ಕವು ನಮ್ಮನ್ನು ಯೋಚನೆಗೆ ಹಚ್ಚಿತು. ಗೋಡೆ, ಕಂಬಗಳು ಭಾರವನ್ನು ನೇರವಾಗಿ ಕೆಳಗಿಳಿಸುವುದರಲ್ಲಿ ಸಮರ್ಥವಾದುವು. ವಾಸದ ಕೋಣೆಗಳ ನೆಲವನ್ನು ಚದರ ಮೀಟರಿಗೆ 200 ಕಿಲೋಗ್ರಾಂ ಹೊರೆಯನ್ನು ತಾಳುವಂತೆ ರಚಿಸುವುದು ಭಾರತೀಯ ಮಾನಕದ ನಿಯಮ. ಅಷ್ಟು ಜಾಗದ ಮೇಲೆ 250 ಹಸಿಕಾಯಿಗಳನ್ನು ಪೇರಿಸಿದರೆ ಆ ಮಿತಿ ದಾಟಿಹೋಗುವುದು. ಇದು ನೆಲ ಅಲುಗದೆ ಇರುವಾಗಿನ ಮಾತು. ನೆಲವೇ ಅಡ್ಡಡ್ಡವಾಗಿ ಅಲುಗಿದರೆ ಯಾವ ವಸ್ತು ಎಷ್ಟು ಭಾರವಾಗಿರುವುದೋ ಅಷ್ಟು ಬಲವಾಗಿ ಅದು ಮನೆಯನ್ನು ಪಕ್ಕಕ್ಕೆ ಎಳೆಯುವುದು. ಎತ್ತರದಲ್ಲಿ ಇರುವ ಭಾರವು ಇನ್ನೂ ಹೆಚ್ಚು ಕೇಡನ್ನು ಮಾಡುವುದು. ತಲೆಯ ಮೇಲೆ ಬಿಂದಿಗೆಯನ್ನು ಹೊತ್ತವಳು ನಿಂತ ಬಂಡಿ ತಟ್ಟನೆ ಹೊರಟಾಗ ಹೇಗೆ ತತ್ತರಿಸುವಳೋ ಹಾಗೆಯೇ ತಲೆಭಾರದ ಮನೆ ಭೂಕಂಪದಲ್ಲಿ ತತ್ತರಿಸುವುದು.

“ನಮ್ಮ ಸೀಮೆಗೂ ಭೂಕಂಪಕ್ಕೂ ಏನು ಸಂಬಂಧ?” ಎಂದು ವಾಚಕರು ಕೇಳಬಹುದು. ನಮ್ಮ ಶಿಷ್ಯರೂ ಅದನ್ನೇ ಕೇಳಿದರು. ಈ ಪ್ರಶ್ನೆಗೆ 1993ನೆಯ ಇಸವಿ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯು ಉತ್ತರವನ್ನು ಕೊಟ್ಟಿದೆ. ನಮ್ಮ ಬೀದರ, ಕಲಬುರಗಿಗಳ ಗಡಿಗೆ ಹತ್ತಿರವಾಗಿರುವ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಊರು ಅದು. ದಖ್ಖಣದ ಪ್ರಸ್ಥಭೂಮಿ ಪುರಾತನವಾದುದು, ಅಚಲವಾದುದು ಎಂದು ಆಗಿನ ನಂಬಿಕೆ. ಆಗಿನ ಭೂಕಂಪಪಟದಲ್ಲಿ ಕಿಲ್ಲಾರಿಗೆ ಎಲ್ಲಕ್ಕಿಂತ ಕಡಮೆ ಭಯದ 1ನೆಯ ವಲಯದ ಸ್ಥಾನವಿತ್ತು. ಗಣೇಶನನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಜನರಲ್ಲಿ ಸುಮಾರು 10,000 ಮಂದಿ ಬೆಳಗಾಗುವ ಮೊದಲೇ ತಮ್ಮ ಮನೆಗಳ ಕೆಳಗೆ ಸಮಾಧಿಯಾದರು. ಭೂಕಂಪದ ಪ್ರಮಾಣ 6.2ರ ಸುಮಾರು. ಅದೇನೂ ಲೋಕದಲ್ಲಿ ಅಪೂರ್ವವಾದುದಲ್ಲ. ಜನರನ್ನು ಕೊಂದುದು ಮನೆಗಳ ಕಟ್ಟುವಿಕೆ.

ಅಲ್ಲಿನ ಮನೆಗಳಿಗೆ ಬಹುದಪ್ಪವಾದ ಕಲ್ಲುಗೋಡೆಗಳಿದ್ದುವು. ಹೊರಗೊಂದು ಮುಖ, ಒಳಗೊಂದು ಮುಖ, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡು ಮುಖಗಳನ್ನೂ ಹಿಡಿದು ಕಟ್ಟುವ ಅಡ್ಡಗಲ್ಲು ಇರಲಿಲ್ಲ. ಬಿಸಿಲಿನ ತಾಪವನ್ನು ತಡೆಯಲೆಂದು ಮಾಳಿಗೆಯ ಮೇಲೆ ಒಂದಡಿಗೂ ಮಿಕ್ಕಿ ಮಣ್ಣನ್ನು ಹಾಕಿದ್ದರು. ಒಂದಡಿ ಮಣ್ಣು ಎಂದರೆ ಚದರ ಮೀಟರಿಗೆ ಸುಮಾರು 500 ಕಿಲೋಗ್ರಾಂ. ನೆಲ ನಡುಗಿದೊಡನೆ ಗೋಡೆಯ ಎರಡು ಮುಖಗಳೂ ಬಾಳೆಯ ಪಟ್ಟೆಗಳಂತೆ ಬಿಚ್ಚಿಕೊಂಡುವು. ಮಾಳಿಗೆ ಮಲಗಿದ್ದವರ ಮೇಲೆ ಕುಳಿತಿತು. ಬಿಸಿಲಿಗೆ ಮದ್ದಾಗಿದ್ದ ಮಣ್ಣೇ ಭೂಕಂಪದಲ್ಲಿ ಮೃತ್ಯುವಾಯಿತು. ಆದರೆ ಅದೇ ಊರುಗಳಲ್ಲಿ ಮಾಳಿಗೆಯನ್ನು ಗೋಡೆಯ ಮೇಲೆ ಇಡದೆ ಮರದ ಕಂಬ ತೊಲೆಗಳ ಮೇಲೆ ಇಟ್ಟಿದ್ದ ಮನೆಗಳಲ್ಲಿ, ಗೋಡೆ ಬಿದ್ದರೂ ಕಂಬಗಳ ಚೌಕಟ್ಟು ನಿಂತು ಕೆಲವರ ಪ್ರಾಣವನ್ನು ಉಳಿಸಿದುದುಂಟು.

ಕಿಲ್ಲಾರಿಯ ಬಳಿಕ ಪಟವನ್ನು ತಿದ್ದಿದರು. ಭಾರತೀಯ ಮಾನಕದ ಭೂಕಂಪಸಂಹಿತೆ ಮೊದಲು ಪ್ರಕಟವಾದುದು 1962ರಲ್ಲಿ. 2002ರ ಪರಿಷ್ಕರಣದಲ್ಲಿ 1ನೆಯ ವಲಯವೆಂಬುದನ್ನೇ ತೆಗೆದುಹಾಕಿ, 2ರಿಂದ 5ರವರೆಗೆ ನಾಲ್ಕು ವಲಯಗಳನ್ನು ಉಳಿಸಿದರು. ಸಂಪೂರ್ಣ ನಿರ್ಭಯವಾದ ನೆಲವು ಭಾರತದಲ್ಲಿ ಇಲ್ಲವೆಂದು ಒಪ್ಪಿಕೊಂಡಂತೆ ಆಯಿತು. ಆ ಪಟದಲ್ಲಿ ತೆಂಗಿನ ಸೀಮೆಯು 2ನೆಯ ವಲಯಕ್ಕೆ ಸೇರಿದುದು. ಅದರ ವಲಯಾಂಕ 0.10, ಅಸ್ಸಾಮಿನಂತಹ 5ನೆಯ ವಲಯದ್ದು 0.36. ಇಲ್ಲಿ ಭಯ ಕಡಮೆ, ಆದರೆ ಶೂನ್ಯವಲ್ಲ. 1900ನೆಯ ಇಸವಿ ಫೆಬ್ರವರಿ 8ರಂದು ಕೊಯಮತ್ತೂರಿನ ಕಡೆ ಆದ ಭೂಕಂಪವು ದಕ್ಷಿಣದೇಶದಲ್ಲೆಲ್ಲ ತಿಳಿದುಬಂದಿತ್ತು. ಕಡಮೆ ಭಯವಿರುವ ಕಡೆ ಮಾಡಬೇಕಾದುದೂ ಕಡಮೆ. ಆದರೆ ಆ ಕಡಮೆಯನ್ನೂ ಮಾಡದಿರುವುದು ವಿವೇಕವಲ್ಲ.

ಇಲ್ಲಿ ಕ್ವೆಟ್ಟಾದ ಕಥೆಯನ್ನು ಹೇಳತಕ್ಕುದು. 1931ರಲ್ಲಿ ಬಲೂಚಿಸ್ತಾನದ ಮಾಚ್ ಎಂಬಲ್ಲಿ ಭೂಕಂಪವಾದಾಗ ಎಸ್. ಎಲ್. ಕುಮಾರ್ ಎಂಬ ತರುಣ ರೈಲ್ವೆ ಇಂಜಿನಿಯರು ಕ್ವೆಟ್ಟಾದಲ್ಲಿ ನೌಕರರ ವಸತಿಗೃಹಗಳನ್ನು ಭೂಕಂಪಕ್ಕೆ ತಕ್ಕಂತೆ ಕಟ್ಟಿಸಿದರು. 1935ನೆಯ ಇಸವಿ ಮೇ 31ರ ಇರುಳಿನಲ್ಲಿ ಕ್ವೆಟ್ಟಾ ನಗರ ನೆಲಸಮವಾಗಿ ಸಹಸ್ರಾರು ಜನರು ಸತ್ತಾಗ ಆ ವಸತಿಗೃಹಗಳು ನಿಂತಿದ್ದುವು. ಅನಂತರ ಆ ಊರಿಗಾಗಿಯೇ ಕಟ್ಟಡದ ನಿಯಮಗಳನ್ನು ಬರೆದರು. ಗೋಡೆಗಳ ಸುತ್ತ ಅಡ್ಡಲಾಗಿ ಕಟ್ಟುಪಟ್ಟಿಯನ್ನು ಹಾಕಬೇಕೆಂಬ ಉಪಾಯ ಅಲ್ಲಿಂದ ನಮ್ಮ ದೇಶದಲ್ಲಿ ಹರಡಿತು. ಒಂದು ಊರಿನ ನೆಲವನ್ನು ನೋಡಿ ಆ ಊರಿನ ನಿಯಮವನ್ನು ಬರೆದುದರ ಫಲ ಇದು.

ಮರುದಿನ ಅರಳುಗುಪ್ಪೆಗೆ ಹೋದೆವು. ಅಲ್ಲಿನ ಕಲ್ಲೇಶ್ವರ ದೇವಾಲಯ 9ನೆಯ ಶತಮಾನದ್ದು. ನವರಂಗದ ಮೇಲ್ಛಾವಣಿಯ ನಡುವೆ ನಾಟ್ಯವಾಡುವ ಶಿವನನ್ನೂ ಸುತ್ತಲೂ ದಿಕ್ಪಾಲಕರನ್ನೂ ಬಿಡಿಸಿರುವ ಕೆಲಸವನ್ನು ಎಷ್ಟು ನೋಡಿದರೂ ತೃಪ್ತಿಯಾಗದು. ಪಕ್ಕದಲ್ಲಿಯೇ ಹೊಯ್ಸಳರ ಕಾಲದ ಚೆನ್ನಕೇಶವಾಲಯ. ಜೊತೆಗೆ ಬಂದವರೊಬ್ಬರು, “ಸಾವಿರ ವರ್ಷದಿಂದ ನಿಂತಿದೆ. ಹಿಂದಿನವರು ಕಟ್ಟಿದ್ದಕ್ಕೆ ಭೂಕಂಪ ಏನು ಮಾಡೀತು ಸ್ವಾಮಿ?” ಎಂದರು. ಹಿಂದಿನವರ ಮೇಲಿನ ಗೌರವದಲ್ಲಿ ನಾವು ಯಾರಿಗೂ ಕಡಮೆಯಿಲ್ಲ. ಆದರೂ ಮೂವತ್ತು ವರ್ಷ ಪಾಠ ಹೇಳಿದ ನಮಗೆ ಒಂದು ಮಾತು ತೋರಿತು. ಪರೀಕ್ಷೆಗೆ ಕೂರದ ಹುಡುಗನು ಅನುತ್ತೀರ್ಣನಾಗಲಿಲ್ಲವೆಂಬುದು ನಿಜ. ಉತ್ತೀರ್ಣನಾದನೆಂದು ಮಾತ್ರ ಹೇಳಲಾಗದು. ಈ ದೇವಾಲಯಗಳ ಸಂಧಿಕಟ್ಟು ಶ್ರೇಷ್ಠವಾದುದು, ಅಡಿಪಾಯ ಗಟ್ಟಿಯಾದುದು. ಆದರೆ ಅವು ಎಷ್ಟು ದೊಡ್ಡ ಕಂಪವನ್ನು ತಾಳಿ ನಿಂತುವೆಂದು ಹೇಳಲು ನಮಗೆ ಆಧಾರವಿಲ್ಲ.

ಶಾಸ್ತ್ರಗ್ರಂಥಗಳ ವಿಷಯದಲ್ಲಿಯೂ ಇದೇ ವಿವೇಚನೆ ಅಗತ್ಯ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಭೂಕಂಪಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಸಮುದ್ರದ ಮಹಾಪ್ರಾಣಿಗಳಿಂದ ಆಗುವುದೆಂದು ಕೆಲವರು, ಭೂಮಿಯನ್ನು ಹೊತ್ತ ದಿಗ್ಗಜಗಳ ನಿಟ್ಟುಸಿರಿನಿಂದ ಎಂದು ಕೆಲವರು, ವಾಯುಗಳ ಘರ್ಷಣೆಯಿಂದ ಎಂದು ಕೆಲವರು ಹೇಳುವರೆಂದು ಪೂರ್ವಾಚಾರ್ಯರ ಮತಗಳನ್ನು ಕ್ರಮವಾಗಿ ಕೊಡುವನು. ಕಾರಣದ ವಿಷಯದಲ್ಲಿ ಈಗಿನ ವಿಜ್ಞಾನವು ಬೇರೆ ದಾರಿ ಹಿಡಿದಿದೆ. ಆದರೆ ಅದೇ ಗ್ರಂಥದ ವಾಸ್ತುವಿದ್ಯೆಯಲ್ಲಿ ಬರುವ ಭೂಪರೀಕ್ಷೆ ಇಂದಿಗೂ ಉಪಯುಕ್ತವಾದುದು. ಒಂದು ಮೊಳದ ಗುಂಡಿಯನ್ನು ತೋಡಿ ಅದೇ ಮಣ್ಣನ್ನು ಮರಳಿ ತುಂಬಬೇಕು. ಮಣ್ಣು ಮಿಕ್ಕರೆ ನೆಲ ಉತ್ತಮ, ಸರಿಹೋದರೆ ಮಧ್ಯಮ, ಸಾಲದೆ ಹೋದರೆ ಅಧಮ. ಗಟ್ಟಿಯಾಗಿ ಕೂತಿದ್ದ ನೆಲವನ್ನು ಅಗೆದರೆ ಮಣ್ಣು ಉಬ್ಬಿ ಹೆಚ್ಚಾಗುವುದು, ಸಡಿಲವಾದ ನೆಲದಲ್ಲಿ ಹಾಗಾಗದು ಎಂಬುದೇ ಇದರ ಗುಟ್ಟು. ದಿಕ್ಕು ಆಯಗಳನ್ನು ಬಿಡದೆ ಕೇಳುವ ನಾವು ಈ ಭೂಪರೀಕ್ಷೆಯನ್ನು ಮರೆತಿರುವುದು ವಿಚಿತ್ರವೇ ಸರಿ. ಕೆರೆಯ ಅಂಗಳವನ್ನೂ ಹಳೆಯ ಹಳ್ಳವನ್ನೂ ತುಂಬಿ ಎದ್ದಿರುವ ಬಡಾವಣೆಗಳಲ್ಲಿ ಮನೆ ಕಟ್ಟಿಸುವವರು ಇದನ್ನು ಮೊದಲು ನೆನೆಯಬೇಕು.

ತುರುವೇಕೆರೆಯಲ್ಲಿ ಮೂಲೆ ಶಂಕರೇಶ್ವರನ ದರ್ಶನ ಮಾಡಿ, ಗಂಗಾಧರೇಶ್ವರನ ಗುಡಿಯ ಮುಂದೆ ಕನ್ನಡಿಯಂತೆ ಹೊಳೆಯುವ ನಂದಿಯನ್ನು ನೋಡಿ, ಸಮೀಪದ ಹಳ್ಳಿಯ ಒಂದು ತೊಟ್ಟಿಮನೆಯಲ್ಲಿ ಮಧ್ಯಾಹ್ನ ತಂಗಿದೆವು. ಹೊರಗೆ ಬಿಸಿಲು ಚುರುಗುಟ್ಟುತ್ತಿದ್ದರೂ ಪಡಸಾಲೆ ತಣ್ಣಗಿತ್ತು. ಮನೆಯ ಹಿರಿಯರಾದ ಅಜ್ಜಿಯವರು ಬೆಲ್ಲದ ಪಾನಕವನ್ನು ಕೊಟ್ಟು, “ಮಗ ಪಕ್ಕದಲ್ಲೇ ತಾರಸಿಮನೆ ಕಟ್ಸವ್ನೆ. ಹಗಲೆಲ್ಲ ಅಲ್ಲಿರ್ತಾರೆ, ರಾತ್ರಿ ಮಲಗಾಕೆ ಇಲ್ಲಿಗೇ ಬರ್ತಾರೆ ಕಣಪ್ಪ” ಎಂದು ನಕ್ಕರು. ಆ ನಗುವಿನಲ್ಲಿ ಒಂದು ಪಾಠವಿತ್ತು. ದಪ್ಪವಾದ ಮಣ್ಣಿನ ಗೋಡೆಯು ಹಗಲಿನ ಶಾಖವನ್ನು ಒಳಕ್ಕೆ ಬಿಡಲು ಬಹಳ ಹೊತ್ತನ್ನು ತೆಗೆದುಕೊಳ್ಳುವುದು. ತೊಟ್ಟಿಯ ಮೂಲಕ ಬಿಸಿಗಾಳಿ ಮೇಲಕ್ಕೆ ಹೋಗುವುದು. ಇಳಿದ ಸೂರು ಗೋಡೆಯನ್ನು ಬಿಸಿಲಿನಿಂದಲೂ ಆಶ್ವಯುಜದ ಜಡಿಮಳೆಯಿಂದಲೂ ಕಾಪಾಡುವುದು. ನಾಲ್ಕೈದು ಅಂಗುಲದ ಕಾಂಕ್ರೀಟು ತಾರಸಿಯಾದರೋ ಹಗಲೆಲ್ಲ ಕಾದು, ಮನೆಯವರು ಮಲಗುವ ಹೊತ್ತಿಗೆ ಸರಿಯಾಗಿ ಆ ಕಾವನ್ನು ಕೆಳಕ್ಕೆ ಸುರಿಯುವುದು.

ಹಾಗೆಂದು ಹಳೆಯ ಮನೆಯೇ ಸರ್ವೋತ್ತಮವೆನ್ನಲಾಗದು. ತೊಟ್ಟಿಯ ಸುತ್ತಣ ಕಂಬ ತೊಲೆಗಳ ಚೌಕಟ್ಟು ಒಳ್ಳೆಯದು. ಆದರೆ ಮೂಲೆಗಳಲ್ಲಿ ಗೋಡೆಗೆ ಗೋಡೆ ಹೆಣೆದುಕೊಂಡಿಲ್ಲ, ಕಂಬದ ತಲೆಗೆ ತೊಲೆ ಬಿಗಿದಿಲ್ಲ, ಪಕ್ಕಗಳಲ್ಲಿ ತ್ರಿಕೋಣಾಕಾರವಾಗಿ ಎದ್ದ ಗೋಡೆಗೆ ಯಾವ ಆಸರೆಯೂ ಇಲ್ಲ. ಹೊಸಮನೆಯ ದೋಷ ಬೇರೆ. ಕೆಳಗಿನ ಅಂತಸ್ತಿನಲ್ಲಿ ಅಂಗಡಿಗೆಂದು ಗೋಡೆಯನ್ನೆಲ್ಲ ತೆಗೆದು ಬರಿಯ ಕಂಬಗಳ ಮೇಲೆ ಮಹಡಿಗಳನ್ನು ಎತ್ತುವರು. 2001ನೆಯ ಇಸವಿ ಜನವರಿ 26ರ ಗುಜರಾತಿನ ಭೂಕಂಪದಲ್ಲಿ, ಭುಜಕ್ಕೆ ಬಹುದೂರದ ಅಹಮದಾಬಾದಿನಲ್ಲಿಯೂ ಕುಸಿದುಬಿದ್ದ ಹಲವು ಕಟ್ಟಡಗಳು ಇದೇ ಬಗೆಯವು. ಕಂಬದ ಕಂಬಿಗಳನ್ನು ಸುತ್ತುವ ರಿಂಗುಗಳ ತುದಿಯನ್ನು 135 ಅಂಶ ಬಾಗಿಸಿ ಒಳಕ್ಕೆ ಚುಚ್ಚಬೇಕೆಂದು ಮಾನಕವಿದೆ. ಬಹುಕಡೆ ಮೇಸ್ತ್ರಿಗಳು 90 ಅಂಶಕ್ಕೇ ನಿಲ್ಲಿಸುವರು. ನಡುಕ ಬಂದಾಗ ಅಂತಹ ರಿಂಗು ಬಿಚ್ಚಿಕೊಳ್ಳುವುದು. ಇದರಲ್ಲಿ ಉಳಿಯುವ ಹಣ ಅತ್ಯಲ್ಪ, ಕಳೆಯುವುದು ಸರ್ವಸ್ವ.

ಹಳೆಯದರ ತಂಪನ್ನೂ ಹೊಸದರ ಬಿಗಿಯನ್ನೂ ಒಂದುಗೂಡಿಸುವ ದಾರಿ ಇಲ್ಲವೆ? ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಅಸ್ತ್ರ ಎಂಬ ಗ್ರಾಮೋಪಯೋಗಿ ತಂತ್ರವಿದ್ಯೆಯ ಕೇಂದ್ರವು ಆರಂಭವಾಯಿತು. ಅದರ ಪ್ರಯೋಗಕ್ಷೇತ್ರವಾಗಿದ್ದುದು ನಮ್ಮ ತುಮಕೂರು ಜಿಲ್ಲೆಯದೇ ಆದ, ಕುಣಿಗಲು ತಾಲ್ಲೂಕಿನ ಉಂಗ್ರ ಗ್ರಾಮ. ಕೆ. ಎಸ್. ಜಗದೀಶ್ ಮೊದಲಾದ ವಿದ್ವಾಂಸರು, ಸ್ಥಳದ ಮಣ್ಣಿಗೆ ಸ್ವಲ್ಪ ಸಿಮೆಂಟನ್ನು ಬೆರೆಸಿ ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆಯನ್ನು ಮಾಡುವ ಕ್ರಮವನ್ನು ಬಳಕೆಗೆ ತಂದರು. ಅಂತಹ ಗೋಡೆಗೆ ಬಾಗಿಲುಗಳ ತಲೆಯ ಮಟ್ಟದಲ್ಲಿ ಮನೆಯನ್ನೆಲ್ಲ ಸುತ್ತುವ ಒಂದು ಕಾಂಕ್ರೀಟು ಪಟ್ಟಿ ಇದ್ದರೆ ಮೂಲೆಗಳು ಬಿಡವು. ಪಟ್ಟಿ 75 ಮಿಲಿಮೀಟರ್ ದಪ್ಪ. ಒಳಗೆ 8 ಮಿಲಿಮೀಟರಿನ ಎರಡು ಕಂಬಿ. 150 ಮಿಲಿಮೀಟರಿಗೊಂದು 6 ಮಿಲಿಮೀಟರಿನ ಅಡ್ಡಕಂಬಿ. ಚಿಕ್ಕ ಮನೆಗೆ ಇಷ್ಟು ಸಾಕು. ಸೈಜುಗಲ್ಲಿನ ಗೋಡೆಯಾದರೆ ದಪ್ಪ 450 ಮಿಲಿಮೀಟರನ್ನು ಮೀರದಿರಲಿ. ಎರಡು ಮುಖಗಳನ್ನೂ ಮುಟ್ಟುವ ಅಡ್ಡಗಲ್ಲು ಎತ್ತರದಲ್ಲಿ 600 ಮಿಲಿಮೀಟರಿಗೊಂದು, ಉದ್ದದಲ್ಲಿ 1.2 ಮೀಟರಿಗೊಂದು ಬರಲಿ. ಕಿಲ್ಲಾರಿಯಲ್ಲಿ ಇಲ್ಲದೆ ಹೋದುದು ಈ ಕಲ್ಲೇ.

ಕೊನೆಯ ಮೂರು ದಿನಗಳನ್ನು ಚಿಕ್ಕನಾಯಕನಹಳ್ಳಿಯ ಕಡೆ ಕಳೆದೆವು. ಇಲ್ಲಿ ತೆಂಗಿನ ತೋಟಗಳ ಹಿಂದೆ ಬೆಟ್ಟಸಾಲು ಗೋಡೆಯಂತೆ ನಿಲ್ಲುವುದು. ಮದುವಣಿಗನೊಬ್ಬನ ದುರಂತವನ್ನು ಜನರು ಇಂದಿಗೂ ಕಣ್ಣೀರಿಟ್ಟು ಹೇಳುವ ಮದಲಿಂಗನ ಕಣಿವೆ ಈ ಸಾಲಿನಲ್ಲಿಯೇ ಇರುವುದು. ಕಬ್ಬಿಣ, ಮ್ಯಾಂಗನೀಸ್ ಅದಿರುಗಳಿಂದ ಕೆಂಪಾದ ಈ ಬೆಟ್ಟಗಳಲ್ಲಿ ಗಣಿಗಾರಿಕೆ ಬಹುಕಾಲ ನಡೆದು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ನಿಂತಿತ್ತು. ಅಗೆದು ಸುರಿದ ಮಣ್ಣಿನ ದಿಬ್ಬಗಳ ಮೇಲೆ ಮಳೆ ಬಿದ್ದಾಗ ಕೆಸರು ಕೆಳಗಿನ ಹಳ್ಳಕ್ಕೆ ಇಳಿಯುವುದನ್ನು ಊರವರು ತೋರಿಸಿದರು.

ಕೊಡಗಿನಲ್ಲಿ 2018ರ ಆಗಸ್ಟಿನಲ್ಲಿ ಆದಂತಹ ಭೂಕುಸಿತದ ಭಯ ಇಲ್ಲಿಲ್ಲ. ಅಷ್ಟು ಮಳೆಯೂ ಇಲ್ಲ, ಅಷ್ಟು ಆಳದ ಮಣ್ಣೂ ಇಲ್ಲ. ಆದರೆ ಇಳಿಜಾರಿನ ನಿಯಮಗಳು ಎಲ್ಲೆಡೆಯಲ್ಲಿಯೂ ಒಂದೇ. ಬೆಟ್ಟದ ಬುಡವನ್ನು ನೇರವಾಗಿ ಕಡಿದು, ಕಡಿದ ಮಣ್ಣನ್ನು ಮುಂದಕ್ಕೆ ತುಂಬಿ ಮಟ್ಟಮಾಡಿ, ಅರ್ಧ ಮನೆಯನ್ನು ಕಡಿದ ನೆಲದ ಮೇಲೂ ಅರ್ಧವನ್ನು ತುಂಬಿದ ನೆಲದ ಮೇಲೂ ಕಟ್ಟಿದರೆ, ತುಂಬಿದ ಭಾಗ ಕಾಲಕ್ರಮದಲ್ಲಿ ಕುಗ್ಗಿ ಗೋಡೆ ನಡುವೆ ಸೀಳುವುದು. ಅಂತಹ ಕಡೆ ಅಡಿಪಾಯವನ್ನು ಮೆಟ್ಟಿಲುಮೆಟ್ಟಿಲಾಗಿ ಗಟ್ಟಿನೆಲಕ್ಕೆ ಇಳಿಸಬೇಕು. ತಡೆಗೋಡೆಯನ್ನು ಎಷ್ಟು ದಪ್ಪವಾಗಿ ಕಟ್ಟಿದರೂ, ಹಿಂದಿನ ನೀರು ಹೊರಬರಲು ಕಿಂಡಿಗಳನ್ನು ಬಿಡದಿದ್ದರೆ ನೀರಿನ ಒತ್ತಡವೇ ಅದನ್ನು ಕೆಡಹುವುದು. ಮನೆಯ ಮೇಲ್ಗಡೆ ಒಂದು ಕಾಲುವೆಯನ್ನು ತೋಡಿ ಬೆಟ್ಟದ ನೀರನ್ನು ಪಕ್ಕಕ್ಕೆ ತಿರುಗಿಸುವುದು ಎಲ್ಲಕ್ಕಿಂತ ಅಗ್ಗವಾದ ಉಪಾಯ. ಒಬ್ಬ ವೃದ್ಧ ರೈತರು ತಮ್ಮ ತೋಟದ ಬದುಗಳನ್ನು ತೋರಿಸಿ, “ನೀರಿಗೆ ದಾರಿ ಕೊಟ್ರೆ ನಮ್ಮ ದಾರಿಗೆ ಬರಾಕಿಲ್ಲ ಸ್ವಾಮಿ” ಎಂದರು. ತೋಟಕ್ಕೆ ಅನ್ವಯಿಸುವ ಈ ಜ್ಞಾನವನ್ನು ಮನೆಗೂ ಅನ್ವಯಿಸಿಕೊಂಡರೆ ಸಾಕು.

ಇನ್ನು ಕಾನೂನಿನ ಮಾತು. ದೇಶಕ್ಕೆಲ್ಲ ಮಾದರಿಯಾಗಿ ರಾಷ್ಟ್ರೀಯ ಕಟ್ಟಡ ಸಂಹಿತೆಯು 1970ರಲ್ಲಿ ಪ್ರಕಟವಾಗಿ, 1983, 2005, 2016ರಲ್ಲಿ ಪರಿಷ್ಕೃತವಾಯಿತು. ಅದು ಭಾರತವನ್ನು ಹವೆಗೆ ಅನುಗುಣವಾಗಿ ಐದು ಬಗೆಯ ಪ್ರದೇಶಗಳಾಗಿ ವಿಂಗಡಿಸಿದೆ. ಆದರೆ ಅದು ಸಲಹೆಯ ಗ್ರಂಥ; ರಾಜ್ಯವೂ ಸ್ಥಳೀಯ ಸಂಸ್ಥೆಯೂ ತಮ್ಮ ನಿಯಮಗಳಲ್ಲಿ ಸೇರಿಸಿಕೊಂಡ ಹೊರತು ಅದಕ್ಕೆ ಬಲವಿಲ್ಲ. ತಿಪಟೂರಿನ ನಗರಸಭೆಯಾಗಲಿ, ಚಿಕ್ಕನಾಯಕನಹಳ್ಳಿಯ ಪುರಸಭೆಯಾಗಲಿ, ತುರುವೇಕೆರೆಯ ಪಟ್ಟಣ ಪಂಚಾಯಿತಿಯಾಗಲಿ, ಹಳ್ಳಿಯ ಗ್ರಾಮಪಂಚಾಯಿತಿಯಾಗಲಿ ನಕ್ಷೆಯನ್ನು ಒಪ್ಪುವಾಗ ರಸ್ತೆಗೆ ಎಷ್ಟು ಜಾಗ ಬಿಟ್ಟಿದೆ, ಎಷ್ಟು ಅಂತಸ್ತು ಎಂದು ಕೇಳುವುದು ಸಹಜ. “ಕಾಯಿ ಎಲ್ಲಿ ಇಡುವಿರಿ?” ಎಂಬ ಪ್ರಶ್ನೆಯನ್ನು ಯಾವ ದೊಡ್ಡ ನಗರದ ನಿಯಮವೂ ಕೇಳದು, ಏಕೆಂದರೆ ಅಲ್ಲಿ ಅಟ್ಟವೇ ಇಲ್ಲ. ಈ ಸೀಮೆಯಲ್ಲಿ ಕೇಳಬೇಕಾದ ಮೊದಲನೆಯ ಪ್ರಶ್ನೆ ಅದು. ಅಟ್ಟದ ಭಾರದ ಮಿತಿ, ಗೋಡೆಯ ಕಟ್ಟುಪಟ್ಟಿ, ಸೂರಿನ ಚಾಚು, ತಾರಸಿಯ ತಾಪಕ್ಕೆ ತಡೆ, ಬೆಟ್ಟದ ಬುಡದಲ್ಲಿ ಕಾಲುವೆ ಈ ಐದನ್ನು ಒಂದು ಪುಟದಲ್ಲಿ ಸರಳವಾದ ಕನ್ನಡದಲ್ಲಿ ಅಚ್ಚುಹಾಕಿ ನಕ್ಷೆಯ ಅರ್ಜಿಯೊಡನೆ ಕೊಟ್ಟರೆ, ದಪ್ಪ ಸಂಹಿತೆಯನ್ನು ಓದಲಾರದ ಮೇಸ್ತ್ರಿಗೂ ಮನೆಯೊಡೆಯನಿಗೂ ಅದು ಕೈದೀಪವಾದೀತು.

ನಮ್ಮ ಶಿಷ್ಯರು ಎರಡು ರಾತ್ರಿ ಯೋಚಿಸಿ ನಕ್ಷೆಯನ್ನು ತಿದ್ದಿಸಿದರು. ಕಾಯಿಯ ಅಟ್ಟವು ಮನೆಯ ನೆತ್ತಿಯಿಂದ ಇಳಿದು ತೋಟದ ಅಂಚಿಗೆ ಹೋಯಿತು. ನೆಲದಿಂದ ಮೂರಡಿ ಎತ್ತರದ ಜಗಲಿ, ಸುತ್ತ ಗಾಳಿಯಾಡುವ ಜಾಲಂಧ್ರ, ಮೇಲೆ ಹಗುರವಾದ ಚಾವಣಿ. “ಕಾವಲು ಯಾರು?” ಎಂಬ ಮನೆಯಾಕೆಯ ಆಕ್ಷೇಪಣೆ ನ್ಯಾಯವಾದುದೇ, ಕಣ್ಣಳತೆಯಲ್ಲಿಯೇ, ಹಿತ್ತಿಲ ಬಾಗಿಲಿಗೆ ಎದುರಾಗಿ ಅದನ್ನು ಕಟ್ಟುವುದೆಂದು ತೀರ್ಮಾನವಾಯಿತು. ಅಂಗಡಿ ನಾಲ್ಕರ ಬದಲು ಮೂರಾಗಿ, ಒಂದರ ಜಾಗದಲ್ಲಿ ಪೂರ್ತಿ ಗೋಡೆ ಬಂದಿತು. ಬಾಡಿಗೆ ಸ್ವಲ್ಪ ಕಡಮೆಯಾಗುವುದು ನಿಶ್ಚಯ.

ಗೃಹಸ್ಥರಾದ ವಾಚಕರಿಗೆ ನಮ್ಮ ವಿಜ್ಞಾಪನೆ ಇಷ್ಟೆ. ಹೊಸಮನೆಯನ್ನು ಕಟ್ಟಿಸುವವರು ಪಾಯ ತೆಗೆಯುವ ಮುನ್ನ ಗುಂಡಿಯ ಪರೀಕ್ಷೆಯನ್ನು ಮಾಡಿರಿ. ತಲೆಬಾಗಿಲಿಗೆ ಖರ್ಚುಮಾಡುವ ಹಣದಲ್ಲಿ ಒಂದು ಪಾಲನ್ನು ಗೋಡೆಯ ಕಟ್ಟುಪಟ್ಟಿಗೆ ಮೀಸಲಿಡಿರಿ. ತಾರಸಿಗೆ ಬೇಸಗೆಯ ಮುನ್ನ ಬಿಳಿಯ ಸುಣ್ಣವನ್ನು ಬಳಿಸಿರಿ. ಹಳೆಯಮನೆಯಲ್ಲಿ ಇರುವವರು ಅಟ್ಟದ ಮೇಲಿನ ಕಾಯನ್ನು ಮಲಗುವ ಜಾಗದ ಮೇಲಿಂದ ಸರಿಸಿರಿ. ತೊಲೆಯನ್ನು ಕಂಬದ ತಲೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿಸಿರಿ. ಗೆದ್ದಲು ತಿಂದ ಜಂತಿಯನ್ನು ಬದಲಿಸಿರಿ. ತೆಂಗಿನ ತೊಲೆಯನ್ನು ಹಾಕುವುದಾದರೆ ಹಳೆಯ ಮರದ ಹೊರಮೈಯ ಗಟ್ಟಿಯಾದ ಭಾಗವನ್ನೇ ಆರಿಸಿರಿ; ಒಳತಿರುಳು ಮೆತ್ತಗಿರುವುದು. ಈ ಕೆಲಸಗಳಲ್ಲಿ ಯಾವುದೂ ಒಂದು ಬೆಳೆಯ ಕೊಬ್ಬರಿಯ ಹಣವನ್ನು ನುಂಗುವಂತಹುದಲ್ಲ. ಮುಂದಿನ ಕೊಯ್ಲಿನ ಕಾಯನ್ನು ಅಟ್ಟಕ್ಕೆ ಏರಿಸುವ ಮೊದಲು ಇವುಗಳಲ್ಲಿ ಒಂದನ್ನಾದರೂ ಮಾಡಿ ಮುಗಿಸಿರಿ.